ಹಳೆಯ ಡೀಸೆಲ್ ಗಾಡಿ: ಕೊಳ್ಳುವ ಮುನ್ನ, ಕೊಂಡ ಮೇಲೆ

ಮಲೆನಾಡಿನ ತೋಟದ ಮನೆಗೆ ಗಾಡಿ ಈಗ ಷೋಕಿಯ ವಸ್ತುವಾಗಿ ಉಳಿದಿಲ್ಲ. ಬಸ್ಸು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮಳೆಗಾಲದಲ್ಲಿ ಅದೂ ಅನುಮಾನ. ಗೊಬ್ಬರ ತರುವುದಕ್ಕೆ, ಚಾಲಿ ಸಾಗಿಸುವುದಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆಗೆ ಹೋಗುವುದಕ್ಕೆ ಗಾಡಿ ಬೇಕೇ ಬೇಕು. ಹೊಸದನ್ನು ಕೊಳ್ಳುವಷ್ಟು ಅನುಕೂಲ ಎಲ್ಲರಿಗೂ ಇರುವುದಿಲ್ಲ. ಎಲೆಚುಕ್ಕಿ ರೋಗದಿಂದ ಅಡಿಕೆ ಫಸಲು ಇಳಿದಿರುವ ಕಡೆಗಳಲ್ಲಂತೂ ಹಳೆಯ ಡೀಸೆಲ್ ಗಾಡಿಯ ಕಡೆಗೇ ಸದಸ್ಯರ ಕಣ್ಣು ಹೋಗುತ್ತಿದೆ. "ಎಂಥದ್ದು ತಗೊಳ್ಳುವುದು ಮಾರಾಯ್ರೆ, ಖರ್ಚು ಎಷ್ಟು ಬೀಳುತ್ತದೆ?" ಎಂದು ಸಂಘದ ಕಚೇರಿಗೆ ಬಂದವರೆಲ್ಲ ಕೇಳುತ್ತಿರುವುದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಾವು ಮೆಕ್ಯಾನಿಕರಲ್ಲ. ಆದರೆ ಸಂಘದ ಹಳೆಯ ಜೀಪನ್ನು ಹಲವು ವರ್ಷ ಸಾಕಿದ್ದೇವೆ. ಅದು ನಮಗೆ ಕಲಿಸಿದ್ದು ಬಹಳ. ಅದಲ್ಲದೆ ಕಳೆದ ವರ್ಷ ಸದಸ್ಯರೊಬ್ಬರ ಜೊತೆಗೆ ಗಾಡಿ ನೋಡಲು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಖಜೂರಿಯವರೆಗೂ ಹೋಗಿ ಬಂದೆವು. ಆ ಪ್ರಯಾಣದಿಂದಲೇ ವಿಷಯವನ್ನು ಆರಂಭಿಸುತ್ತೇವೆ.

ಖಜೂರಿಗೆ ಏಕೆ ಹೋದೆವು?

ನಮ್ಮ ಈ ಸದಸ್ಯರಿಗೆ ಎರಡು ಎಕರೆ ಅಡಿಕೆ, ಮೂರು ಎಕರೆ ಕಾಫಿ. ಮನೆಯಾಕೆಗೆ ಮೂತ್ರಪಿಂಡದ ತೊಂದರೆ. ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗಬೇಕು. ಆಸ್ಪತ್ರೆ 35 ಕಿ.ಮೀ. ದೂರ. ಬಾಡಿಗೆ ಜೀಪಿನವರು ಒಳ್ಳೆಯವರೇ. ಆದರೆ ಮದುವೆಯ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ಅವರೂ ಸಿಗುವುದಿಲ್ಲ. ಒಮ್ಮೆ ಹೀಗೆ ಗಾಡಿ ಸಿಗದೆ ಒಂದು ಸರದಿ ತಪ್ಪಿತು. ಮಾರನೆಯ ರಾತ್ರಿ ಆಕೆಗೆ ಉಸಿರಾಟದ ತೊಂದರೆಯಾಗಿ ಮನೆಯವರೆಲ್ಲ ಕಂಗಾಲಾದರು. ಅಂದೇ ಅವರು ಸ್ವಂತ ಗಾಡಿ ತರುವುದೆಂದು ತೀರ್ಮಾನಿಸಿದರು.

ಅವರ ಮಗ ಖಜೂರಿಯಲ್ಲಿ ಉಪಾಧ್ಯಾಯ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು ಅದು. ಉಮರ್ಗಾ ಕಡೆಗೆ ಹೋಗುವ ರಸ್ತೆಯಲ್ಲಿದೆ. ಎತ್ತ ನೋಡಿದರೂ ಕಪ್ಪು ಎರೆಮಣ್ಣು, ತೊಗರಿ ಹೊಲ. "ಅಪ್ಪ, ಇಲ್ಲಿ ಬೊಲೆರೊ ಗಾಡಿಗಳು ನಮ್ಮ ಕಡೆಗಿಂತ ಅಗ್ಗಕ್ಕೆ ಸಿಗುತ್ತವೆ, ತುಕ್ಕು ಒಂದಿಷ್ಟೂ ಇಲ್ಲ, ಬಂದು ನೋಡಿ" ಎಂದು ಮಗ ಫೋನು ಮಾಡಿದ. ಸುಮಾರು ಆರುನೂರು ಕಿ.ಮೀ. ಪ್ರಯಾಣ ಮಾಡಿ ಹೋದೆವು.

ಮೊದಲು ನೋಡಿದ ಗಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಸದಸ್ಯರು ಮುಂಗಡ ಕೊಡಲು ಜೇಬಿಗೆ ಕೈ ಹಾಕಿಯೇಬಿಟ್ಟರು. ನಮ್ಮ ಜೊತೆ ಬಂದಿದ್ದ ಆಳಂದದ ವಯಸ್ಸಾದ ಮೇಸ್ತ್ರಿ ತಡೆದು, "ಮೈ ಆಮ್ಯಾಲ ನೋಡ್ರಿ ಯಜಮಾನ್ರ, ಮೊದ್ಲ ಅದರ ಉಸುರು ನೋಡ್ರಿ" ಎಂದರು. ಹಳೆಯ ಡೀಸೆಲ್ ಗಾಡಿಯ ವಿಚಾರದಲ್ಲಿ ನಾವು ಕೇಳಿದ ಅತ್ಯಂತ ಉಪಯುಕ್ತ ಮಾತು ಇದೇ. ಬಯಲುಸೀಮೆಯ ಗಾಡಿಯ ಮೈ ಗಟ್ಟಿ, ಆದರೆ ಅದು ವರ್ಷಗಟ್ಟಲೆ ಕುಡಿದದ್ದು ಧೂಳು. ನಮ್ಮ ಕಡೆಯ ಗಾಡಿ ಉಸಿರಾಡಿದ್ದು ಒಳ್ಳೆಯ ಗಾಳಿ, ಆದರೆ ಮಳೆಯಲ್ಲಿ ನೆಂದು ಅದರ ತಳ ತುಕ್ಕು ಹಿಡಿದಿರುತ್ತದೆ. ಎಲ್ಲಿಂದ ತಂದರೂ ಒಂದು ದೋಷ ಇದ್ದೇ ಇರುತ್ತದೆ. ಯಾವ ದೋಷ ಎಂದು ತಿಳಿದು ತರಬೇಕು, ಅಷ್ಟೆ.

ಡೀಸೆಲ್ ಇಂಜಿನಿನ ಗುಣ

ಪೆಟ್ರೋಲ್ ಇಂಜಿನಿನಲ್ಲಿ ಕಿಡಿ ಹಚ್ಚುವ ಪ್ಲಗ್ ಇರುತ್ತದೆ. ಡೀಸೆಲ್ ಇಂಜಿನಿನಲ್ಲಿ ಅದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಬಲವಾಗಿ ಒತ್ತಿದಾಗ ಗಾಳಿ ಕಾದು ಕೆಂಡದಂತಾಗುತ್ತದೆ. ಆ ಕ್ಷಣಕ್ಕೆ ಇಂಜೆಕ್ಟರಿನಿಂದ ಡೀಸೆಲ್ ಮಂಜಿನಂತೆ ಸಿಡಿದು ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಈ ಇಂಜಿನಿನ ಆಯುಸ್ಸು ಮೂರು ಸಂಗತಿಗಳನ್ನು ಅವಲಂಬಿಸಿದೆ: ಒತ್ತಡ ಸೋರದ ಸಿಲಿಂಡರು, ಸರಿಯಾಗಿ ಸಿಡಿಸುವ ಪಂಪು ಮತ್ತು ಇಂಜೆಕ್ಟರು, ಶುದ್ಧವಾದ ಗಾಳಿ ಮತ್ತು ಡೀಸೆಲ್. ಮುಂದೆ ಹೇಳುವ ಕಾಯಿಲೆಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದು ಕೆಟ್ಟದ್ದರಿಂದ ಬರುವಂಥವು.

ನಮ್ಮ ದೇಶದಲ್ಲಿ ಡೀಸೆಲ್ ಕಾರು ಮನೆಮಾತಾದದ್ದು 1489 ಸಿ.ಸಿ. ಇಂಜಿನಿನ ಅಂಬಾಸಡರಿನಿಂದ. ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. 1998ರ ಕೊನೆಯಲ್ಲಿ ಟಾಟಾ ಇಂಡಿಕಾ, 2000ದಲ್ಲಿ ಟೊಯೊಟಾ ಕ್ವಾಲಿಸ್ ಮತ್ತು ಮಹೀಂದ್ರ ಬೊಲೆರೊ, 2005ರಲ್ಲಿ ಇನ್ನೋವಾ, 2007ರಲ್ಲಿ 1248 ಸಿ.ಸಿ. ಡೀಸೆಲ್ ಇಂಜಿನಿನ ಮಾರುತಿ ಸ್ವಿಫ್ಟ್ ಬಂದವು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಯಾದಾಗ ಮಾರುತಿಯವರು ಡೀಸೆಲ್ ಕಾರುಗಳನ್ನೇ ಕೈಬಿಟ್ಟರು. ಇಂದು ಹಳೆಯ ಡೀಸೆಲ್ ಎಂದು ಮಾರಾಟಕ್ಕೆ ಬರುವವು ಹೆಚ್ಚಾಗಿ ಈ ಪೈಕಿಯವು.

ಇವುಗಳಲ್ಲಿ ಎರಡು ಜಾತಿ. ಹಳೆಯವುಗಳಲ್ಲಿ ಇರುವುದು ಯಾಂತ್ರಿಕ ಪಂಪು. ಹೊಗೆ ಹೆಚ್ಚು, ಸದ್ದು ಹೆಚ್ಚು. ಆದರೆ ಊರಿನ ಮೇಸ್ತ್ರಿಯೇ ರಿಪೇರಿ ಮಾಡಬಲ್ಲ. ಆಮೇಲಿನವು ಕಾಮನ್ ರೈಲ್ ಇಂಜಿನಿನವು. ಅತ್ಯಧಿಕ ಒತ್ತಡದಲ್ಲಿ ಕಂಪ್ಯೂಟರಿನ ಲೆಕ್ಕದಂತೆ ಡೀಸೆಲ್ ಸಿಡಿಯುತ್ತದೆ. ಮೈಲೇಜು ಚೆನ್ನ, ಓಟ ನಯ. ಆದರೆ ಡೀಸೆಲಿನಲ್ಲಿ ಒಂದಿಷ್ಟು ನೀರೋ ಕಸವೋ ಸೇರಿದರೆ ಇಂಜೆಕ್ಟರು ಹೋಗುತ್ತದೆ, ಅದರ ಬೆಲೆ ಸಾವಿರಗಳಲ್ಲಿ.

ಕೊಳ್ಳುವಾಗ ಪರೀಕ್ಷೆ

ಮೊದಲನೆಯದಾಗಿ, ಗಾಡಿಯನ್ನು ಬೆಳಿಗ್ಗೆ ತಣ್ಣಗಿರುವಾಗಲೇ ನೋಡಬೇಕು. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ಅಂದು ವಾಪಸು ಬಂದು ಮರುದಿನ ಹೋಗಿ. ತಣ್ಣಗಿದ್ದಾಗ ಸ್ಟಾರ್ಟ್ ಆಗಲು ತಿಣುಕಿದರೆ ಗ್ಲೋ ಪ್ಲಗ್, ಬ್ಯಾಟರಿ ಅಥವಾ ಸಿಲಿಂಡರಿನ ಒತ್ತಡದಲ್ಲಿ ಕೊರತೆಯಿದೆ. ಮೊದಲಿನ ಎರಡು ಅಗ್ಗದ ರಿಪೇರಿ, ಮೂರನೆಯದು ಇಂಜಿನ್ ಬಿಚ್ಚುವ ಕೆಲಸ. ಖಜೂರಿಯ ಬಿಸಿಲಿನಲ್ಲಿ ತಕ್ಷಣ ಸ್ಟಾರ್ಟ್ ಆಗುವ ಗಾಡಿ ನಮ್ಮ ಡಿಸೆಂಬರಿನ ಮುಂಜಾನೆ ಮುಷ್ಕರ ಹೂಡಬಹುದು ಎಂಬುದನ್ನೂ ಮರೆಯಬಾರದು.

ಎರಡನೆಯದು ಹೊಗೆಯ ಬಣ್ಣ. ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ, ಡೀಸೆಲ್ ಹೆಚ್ಚು. ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರು ಸೋರುತ್ತಿರಬಹುದು, ಟರ್ಬೊದ ಕೊಳವೆ ಬಿರಿದಿರಬಹುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸವೆದಿದೆ. ಬಿಳಿ ಹೊಗೆ ಚಳಿಯಲ್ಲಿ ಒಂದೆರಡು ನಿಮಿಷ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬರುತ್ತಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸಿಲಿಂಡರಿಗೆ ಇಳಿಯುತ್ತಿದೆ.

ಮೂರನೆಯದು ಆ ಮೇಸ್ತ್ರಿ ಹೇಳಿದ 'ಉಸಿರು'. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ ನೋಡಬೇಕು. ತೆಳುವಾಗಿ ಆವಿ ಬಂದರೆ ಪರವಾಗಿಲ್ಲ. ಅಡಿಗೆಮನೆಯ ಕುಕ್ಕರಿನಂತೆ ಭುಸ್ ಭುಸ್ ಎಂದು ಹೊಗೆ ಎದ್ದರೆ ಸಿಲಿಂಡರು ಸವೆದು ಒತ್ತಡ ಕೆಳಕ್ಕೆ ಸೋರುತ್ತಿದೆ. ನಾವು ನೋಡಿದ ಆ ಹೊಳೆಯುವ ಗಾಡಿಯಲ್ಲಿ ಆದದ್ದು ಇದೇ. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದಾಗ ಫಿಲ್ಟರಿನ ಆಚೆಯ ಬದಿಯಲ್ಲಿ, ಅಂದರೆ ಇಂಜಿನಿನ ಕಡೆಗೆ, ಬೆರಳಿಗೆ ನಯವಾದ ಎರೆಮಣ್ಣಿನ ಪುಡಿ ಅಂಟಿತು. ಧೂಳು ವರ್ಷಗಟ್ಟಲೆ ಒಳಗೆ ಹೋಗಿ ಮರಳುಕಾಗದದಂತೆ ಸಿಲಿಂಡರನ್ನು ಉಜ್ಜಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಾಲ್ಕನೆಯದು ನೀರು. ಇಂಜಿನ್ ತಣ್ಣಗಿರುವಾಗ ಮಾತ್ರ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿ. ಕೊಳವೆಬಾವಿಯ ಗಡಸು ನೀರನ್ನೇ ಹಾಕುತ್ತ ಬಂದಿದ್ದರೆ ಒಳಗೆ ಬಿಳಿಯ ಉಪ್ಪಿನ ಪೊರೆ ಕಟ್ಟಿರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಅದು ತೊಂದರೆ ಕೊಡದಿರಬಹುದು. ಅದೇ ಗಾಡಿಗೆ ಆರು ಜನರನ್ನು ತುಂಬಿ ಚಾರ್ಮಾಡಿಯೋ ಆಗುಂಬೆಯೋ ಹತ್ತಿಸಿದರೆ ಅರ್ಧ ಘಾಟಿಯಲ್ಲೇ ಕುದಿಯುತ್ತದೆ. ಆಯಿಲಿನ ಕಡ್ಡಿಯಲ್ಲಿ ಮಜ್ಜಿಗೆಯ ಬಣ್ಣದ ನೊರೆ ಕಂಡರೆ ನೀರು ಮತ್ತು ಆಯಿಲ್ ಬೆರೆತಿವೆ. ಅಂಥ ಗಾಡಿಗೆ ಕೈಮುಗಿದು ಬರುವುದು ಲೇಸು. ಆಯಿಲ್ ಕಪ್ಪಗಿರುವುದು ಮಾತ್ರ ದೋಷವಲ್ಲ. ಡೀಸೆಲ್ ಇಂಜಿನಿನ ಮಸಿ ಸೇರಿ ಹೊಸ ಆಯಿಲೂ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ.

ಐದನೆಯದು ಟೈಮಿಂಗ್ ಬೆಲ್ಟ್. ಇಂಡಿಕಾ, ಹಳೆಯ ಇನ್ನೋವಾ ಮೊದಲಾದವುಗಳಲ್ಲಿ ರಬ್ಬರಿನ ಬೆಲ್ಟ್ ಇದೆ. 1248 ಸಿ.ಸಿ.ಯ ಸ್ವಿಫ್ಟ್ ಇಂಜಿನಿನಲ್ಲಿ ಚೈನ್ ಇದೆ. ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿದು ಇಂಜಿನೇ ಹಾಳಾಗಬಹುದು. ಯಾವಾಗ ಬದಲಿಸಿದ್ದು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ, ಬದಲಿಸಿಲ್ಲ ಎಂದೇ ತಿಳಿದು ಮೊದಲ ವಾರದಲ್ಲೇ ಹೊಸದು ಹಾಕಿಸಿ.

ಕಾಗದ ಪತ್ರ

ಇಂಜಿನಿಗಿಂತ ಕಾಗದದಲ್ಲಿ ಮೋಸ ಹೋಗುವವರೇ ಹೆಚ್ಚು. ಖಜೂರಿಯಂಥ ಗಡಿ ಊರಿನಲ್ಲಿ ಎಂ.ಎಚ್. ನಂಬರಿನ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ನಾವು ನೋಡಿದ ಮೊದಲನೆಯದೂ ಅದೇ. ಹೊರರಾಜ್ಯದ ಗಾಡಿಯನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಮರುನೋಂದಣಿ ಆಗಬೇಕು. ಅದಕ್ಕೆ ಆ ರಾಜ್ಯದ ನಿರಾಕ್ಷೇಪಣಾ ಪತ್ರ, ಅಂದರೆ ನಮೂನೆ 28 ಬೇಕು. ಗಾಡಿಯ ವಯಸ್ಸಿಗೆ ತಕ್ಕಂತೆ ನಮ್ಮ ರಾಜ್ಯದ ಜೀವಾವಧಿ ತೆರಿಗೆಯನ್ನು ಕಟ್ಟಬೇಕು. ಅಗ್ಗಕ್ಕೆ ಸಿಕ್ಕಿತೆಂದು ಉಳಿಸಿದ ಹಣ ಇಲ್ಲಿ ಹೊರಟುಹೋಗುತ್ತದೆ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಓಡಾಟಕ್ಕೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿಷೇಧ ಹೇರಿ, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದ ಬಳಿಕ ಆ ಕಡೆಯ ಗಾಡಿಗಳೂ ದಕ್ಷಿಣಕ್ಕೆ ಬಂದಿವೆ. ಅವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಆ ಎಂ.ಎಚ್. ಗಾಡಿಯ ಆರ್.ಸಿ.ಯಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು ಇನ್ನೂ ಹಾಗೆಯೇ ಇತ್ತು. ಸಾಲ ತೀರಿದ್ದರೆ ನಮೂನೆ 35ರ ಮೂಲಕ ಅದನ್ನು ತೆಗೆಸಿರಬೇಕು. "ಅದೇನೂ ದೊಡ್ಡದಲ್ಲ, ಆಮೇಲೆ ಮಾಡಿಸಿಕೊಡುತ್ತೇವೆ" ಎಂದರು. ನಾವು ನಮಸ್ಕಾರ ಹೇಳಿ ಎದ್ದೆವು.

ಮಾರಾಟವಾದ ಮೇಲೆ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿಟ್ಟು ಕೂರಬಾರದು. ಕೊಂಡವರು ಮೂವತ್ತು ದಿನಗಳೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಬೇಕು. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹದಿನಾಲ್ಕು ದಿನಗಳೊಳಗೆ ಅರ್ಜಿ ಕೊಡಬೇಕು. ಮಾರುವ ಸದಸ್ಯರಿಗೂ ಇದು ಅಷ್ಟೇ ಮುಖ್ಯ. ಹೆಸರು ಬದಲಾಗದ ಗಾಡಿ ಎಲ್ಲೋ ಅಪಘಾತ ಮಾಡಿದರೆ ನೋಟೀಸು ಬರುವುದು ನಿಮ್ಮ ಮನೆಗೆ.

ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷದ ಆಯುಸ್ಸು. ಆಮೇಲೆ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮೊದಲು 600 ರೂ. ಇದ್ದ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 5,000 ರೂ.ಗೆ ಏರಿಸಲಾಯಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಅದು 10,000 ರೂ. ಆಯಿತು. ಹಸಿರು ತೆರಿಗೆ ಬೇರೆ. ಆದ್ದರಿಂದ ಹದಿನಾಲ್ಕು ವರ್ಷದ ಗಾಡಿಗೆ ಬೆಲೆ ಹೇಳುವಾಗ ಮುಂದಿನ ವರ್ಷದ ಈ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡಿ.

ಮನೆಗೆ ತಂದ ಮೇಲೆ

ಡೀಸೆಲಿನ ಶತ್ರು ನೀರು. ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಇದ್ದರೆ ಒಳಗಿನ ತೇವದ ಗಾಳಿ ತಣಿದು ನೀರಾಗಿ ಕೆಳಗೆ ಸೇರುತ್ತದೆ. ಕ್ಯಾನಿನಲ್ಲಿ, ಬ್ಯಾರೆಲ್ಲಿನಲ್ಲಿ ತಂದಿಟ್ಟ ಡೀಸೆಲ್ ಹಾಕುವ ಅಭ್ಯಾಸ ನಮ್ಮ ತೋಟಗಳಲ್ಲಿದೆ. ಪವರ್ ಟಿಲ್ಲರಿಗೆ ನಡೆದೀತು, ಕಾಮನ್ ರೈಲ್ ಗಾಡಿಗೆ ಖಂಡಿತ ಬೇಡ. ಮಳೆಗಾಲದಲ್ಲಿ ಟ್ಯಾಂಕನ್ನು ಆದಷ್ಟು ತುಂಬಿಡಿ. ಡೀಸೆಲ್ ಫಿಲ್ಟರಿನ ಕೆಳಗಿರುವ ತಿರುಪನ್ನು ತಿಂಗಳಿಗೊಮ್ಮೆ ಬಿಚ್ಚಿ ನೀರು ಬಸಿಯಿರಿ. ಡೀಸೆಲ್ ಪೂರ್ತಿ ಮುಗಿಯುವವರೆಗೆ ಓಡಿಸಬೇಡಿ. ಪೈಪಿಗೆ ಗಾಳಿ ಹೊಕ್ಕರೆ ಕೈಪಂಪು ಒತ್ತಿ ಗಾಳಿ ತೆಗೆಯುವವರೆಗೆ ಗಾಡಿ ಕದಲುವುದಿಲ್ಲ.

ಇಲ್ಲಿ ನಮ್ಮದೇ ಪ್ರಸಂಗವೊಂದನ್ನು ಹೇಳಬೇಕು. ಒಂದು ಆಗಸ್ಟಿನಲ್ಲಿ ಸಂಘದ ಜೀಪು ಏರಿನಲ್ಲಿ ಎಳೆಯದೆ ಕೆಮ್ಮತೊಡಗಿತು. ದೊಡ್ಡ ಗ್ಯಾರೇಜೊಂದರಲ್ಲಿ ಪಂಪು ಹೋಗಿದೆ, ಹೊಸದು ಹಾಕಬೇಕು ಎಂದು ನಲವತ್ತು ಸಾವಿರದ ಅಂದಾಜು ಬರೆದುಕೊಟ್ಟರು. ಸಂಘದ ಹಣವಾದ್ದರಿಂದ ಇನ್ನೊಬ್ಬರನ್ನು ಕೇಳೋಣವೆಂದು ಊರಿನ ಮೇಸ್ತ್ರಿಗೆ ತೋರಿಸಿದೆವು. ಅವರು ಫಿಲ್ಟರ್ ಬಿಚ್ಚಿ ಒಂದು ಲೋಟದಷ್ಟು ನೀರು ಸುರಿದು ತೋರಿಸಿದರು. ಫಿಲ್ಟರ್ ಬದಲಿಸಿ, ಟ್ಯಾಂಕ್ ತೊಳೆದ ಮೇಲೆ ಜೀಪು ಮೊದಲಿನಂತಾಯಿತು. ಡೀಸೆಲ್ ಗಾಡಿಯ ದೊಡ್ಡ ಕಾಯಿಲೆಗೆ ಮದ್ದು ಮಾಡುವ ಮುನ್ನ ಸಣ್ಣದನ್ನು ಪರೀಕ್ಷಿಸಬೇಕೆಂಬ ಪಾಠ ನಮಗೆ ಅಂದು ಸಿಕ್ಕಿತು.

ಟರ್ಬೊ ಇರುವ ಗಾಡಿಯನ್ನು ಘಾಟಿ ಹತ್ತಿ ಬಂದ ಕೂಡಲೇ ಆಫ್ ಮಾಡಬಾರದು. ಒಂದೆರಡು ನಿಮಿಷ ಹಾಗೇ ಓಡಲು ಬಿಡಿ. ಇಲ್ಲವಾದರೆ ಕಾದ ಟರ್ಬೊದಲ್ಲಿ ಆಯಿಲ್ ಸುಟ್ಟು ಕರಕಲಾಗಿ ಬೇರಿಂಗು ಹೋಗುತ್ತದೆ. ಗಾಡಿ ಓಡಿದ್ದು ಕಡಿಮೆಯಾದರೂ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಷೆಡ್ಡಿನಲ್ಲಿ ನಿಂತ ಗಾಡಿಯ ವೈರುಗಳನ್ನು ಇಲಿ ಕಡಿಯುವುದು ನಮ್ಮ ಕಡೆ ಸಾಮಾನ್ಯ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಮಳೆಗಾಲ ಮುಗಿದ ಮೇಲೆ ತಳವನ್ನು ತೊಳೆಸಿ, ತುಕ್ಕು ಕಂಡಲ್ಲಿ ಕೆರೆಸಿ ಬಣ್ಣ ಹೊಡೆಸಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ. ಡೀಸೆಲ್ ಉಳಿಸಲೆಂದು ಘಾಟಿ ಇಳಿಯುವಾಗ ಇಂಜಿನ್ ಆಫ್ ಮಾಡಿ ನ್ಯೂಟ್ರಲಿನಲ್ಲಿ ಬಿಡುವವರು ಇನ್ನೂ ಇದ್ದಾರೆ. ಡೀಸೆಲ್ ಗಾಡಿಯಲ್ಲಿ ಬ್ರೇಕಿಗೆ ಬಲ ಕೊಡುವ ನಿರ್ವಾತ ಪಂಪನ್ನು ತಿರುಗಿಸುವುದು ಇಂಜಿನ್. ಇಂಜಿನ್ ನಿಂತರೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಆ ಬಲ ಮುಗಿಯುತ್ತದೆ, ಪೆಡಲು ಕಲ್ಲಾಗುತ್ತದೆ. ಪವರ್ ಸ್ಟೀರಿಂಗೂ ಬಿಗಿಯಾಗುತ್ತದೆ. ಗೇರಿನಲ್ಲಿ ಇಳಿದರೆ ಇಂಜಿನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಹತ್ತುವ ಗೇರಿನಲ್ಲೇ ಇಳಿಯಿರಿ ಎಂಬ ಹಿರಿಯ ಡ್ರೈವರುಗಳ ಮಾತು ಇಂದಿಗೂ ಸತ್ಯ.

ಖರ್ಚಿನ ಲೆಕ್ಕ

ಡೀಸೆಲ್ ಅಗ್ಗ ಎಂಬ ಮಾತು ಹಳೆಯದಾಯಿತು. 2012ರ ಸುಮಾರಿಗೆ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ 30 ರೂ. ಆಸುಪಾಸಿನ ಅಂತರವಿತ್ತು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ನಿಯಂತ್ರಣವನ್ನು ಕೈಬಿಟ್ಟಿತು. 2025ರಲ್ಲಿ ನಮ್ಮ ರಾಜ್ಯದಲ್ಲಿ ಅಂತರ ಸುಮಾರು 12 ರೂ. ಇತ್ತು. ಡೀಸೆಲಿಗೆ 90 ರೂ., ಪೆಟ್ರೋಲಿಗೆ 102 ರೂ. ಎಂದು ಹಿಡಿದು ವರ್ಷಕ್ಕೆ 8,000 ಕಿ.ಮೀ. ಓಡಿಸುವುದಾದರೆ ಇಂಧನದ ಖರ್ಚು ಹೀಗೆ ಬರುತ್ತದೆ:

ಲೀಟರಿಗೆ 12 ಕಿ.ಮೀ. ಕೊಡುವ ದೊಡ್ಡ ಡೀಸೆಲ್ ಗಾಡಿಗೆ 60,000 ರೂ.
ಲೀಟರಿಗೆ 18 ಕಿ.ಮೀ. ಕೊಡುವ ಸಣ್ಣ ಡೀಸೆಲ್ ಕಾರಿಗೆ 40,000 ರೂ.
ಲೀಟರಿಗೆ 16 ಕಿ.ಮೀ. ಕೊಡುವ ಸಣ್ಣ ಪೆಟ್ರೋಲ್ ಕಾರಿಗೆ 51,000 ರೂ.

ಅಂದರೆ ಸಣ್ಣ ಕಾರುಗಳ ನಡುವೆ ಡೀಸೆಲಿನಿಂದ ಉಳಿಯುವುದು ವರ್ಷಕ್ಕೆ 11,000 ರೂ. ಮಾತ್ರ. ಇಂಜೆಕ್ಟರಿನ ಒಂದು ರಿಪೇರಿಯಲ್ಲಿ ಅದು ಕರಗುತ್ತದೆ. ಭಾರ ಹೊರುವುದಿದ್ದರೆ, ತೋಟದ ಕಚ್ಚಾ ರಸ್ತೆಯಲ್ಲಿ ಓಡಿಸುವುದಿದ್ದರೆ, ಓಟ ಹೆಚ್ಚಿದ್ದರೆ ಮಾತ್ರ ಡೀಸೆಲ್ ಗಾಡಿಗೆ ಅರ್ಥವಿದೆ.

ವಿಮೆಯಲ್ಲೂ ಒಂದು ಸೂಕ್ಷ್ಮವಿದೆ. 2022ರ ಜೂನ್ 1ರಿಂದ ನಿಗದಿಯಾದ ದರದಂತೆ ಖಾಸಗಿ ಕಾರಿನ ಮೂರನೇ ವ್ಯಕ್ತಿ ವಿಮೆಗೆ 1000ದಿಂದ 1500 ಸಿ.ಸಿ.ವರೆಗೆ 3,416 ರೂ., 1500 ಸಿ.ಸಿ. ಮೀರಿದರೆ 7,897 ರೂ. ಇದರ ಮೇಲೆ ಶೇ. 18 ಜಿ.ಎಸ್.ಟಿ. ಆದ್ದರಿಂದ 2523 ಸಿ.ಸಿ.ಯ ಹಳೆಯ ಬೊಲೆರೊಗೆ 9,318 ರೂ. ಬಿದ್ದರೆ, 1248 ಸಿ.ಸಿ.ಯ ಸ್ವಿಫ್ಟಿಗೆ 4,031 ರೂ. ಬೀಳುತ್ತದೆ.

ದೊಡ್ಡ ಡೀಸೆಲ್ ಗಾಡಿಯ ವರ್ಷದ ಒಟ್ಟು ಲೆಕ್ಕವನ್ನು ನಾವು ಹೀಗೆ ಹಾಕಿದ್ದೇವೆ. ರಿಪೇರಿ, ಟೈರು ಮೊದಲಾದವು ನಮ್ಮ ಅಂದಾಜು. ಅವರವರ ಊರಿನ ದರಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು.

ಡೀಸೆಲ್: 60,000 ರೂ.
ಆಯಿಲ್, ಫಿಲ್ಟರುಗಳು: 6,000 ರೂ.
ಮೂರನೇ ವ್ಯಕ್ತಿ ವಿಮೆ: 9,318 ರೂ.
ಟೈರಿನ ಸವೆತ: 4,400 ರೂ.
ಬ್ಯಾಟರಿಯ ಪಾಲು: 1,750 ರೂ.
ನೋಂದಣಿ ನವೀಕರಣದ ಪಾಲು: 1,000 ರೂ.
ರಿಪೇರಿಗೆ ಮೀಸಲು: 20,000 ರೂ.
ಒಟ್ಟು: 1,02,468 ರೂ.

ಕಿ.ಮೀ.ಗೆ ಸುಮಾರು 12 ರೂ. 80 ಪೈಸೆ. ಗಾಡಿಗೆ ಹಾಕಿದ ಬಂಡವಾಳ, ಅದರ ಬಡ್ಡಿ ಇದರಲ್ಲಿ ಸೇರಿಲ್ಲ. ಇದೇ ಗಾಡಿ ವರ್ಷಕ್ಕೆ 3,000 ಕಿ.ಮೀ. ಮಾತ್ರ ಓಡಿದರೆ ಡೀಸೆಲ್ ಮತ್ತು ಟೈರಿನ ಖರ್ಚು ಇಳಿಯುತ್ತದೆ, ಉಳಿದದ್ದು ಇಳಿಯುವುದಿಲ್ಲ. ಒಟ್ಟು 62,218 ರೂ. ಆಗಿ ಕಿ.ಮೀ.ಗೆ 20 ರೂ. 70 ಪೈಸೆ ಬೀಳುತ್ತದೆ. ಆ ದರಕ್ಕೆ ನಿಮ್ಮ ಊರಿನಲ್ಲಿ ಬಾಡಿಗೆ ಜೀಪು ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ತಿಂಗಳಿಗೆರಡು ಸಲ ಪೇಟೆಗೆ ಹೋಗಿ ಬರುವವರಿಗೆ ಸ್ವಂತ ಗಾಡಿ ನಷ್ಟದ ಬಾಬ್ತು.

ನಮ್ಮ ಸದಸ್ಯರ ಗಾಡಿ

ನಮ್ಮ ಸದಸ್ಯರ ಲೆಕ್ಕ ಬೇರೆ. ಆಸ್ಪತ್ರೆಗೆ ಹೋಗಿ ಬರುವುದು 70 ಕಿ.ಮೀ., ವಾರಕ್ಕೆ ಎರಡು ಸಲ, ವರ್ಷಕ್ಕೆ 7,280 ಕಿ.ಮೀ. ಅದೊಂದೇ ಕಾರಣಕ್ಕೆ ಅವರಿಗೆ ಗಾಡಿ ಬೇಕು. ಮೊದಲನೆಯದನ್ನು ಬಿಟ್ಟು ಮರುದಿನ ಖಜೂರಿ ಸಮೀಪದ ಒಬ್ಬ ತೊಗರಿ ಬೆಳೆಗಾರರ ಮನೆಯಲ್ಲಿ 2012ರ ಕೆ.ಎ. 32 ನಂಬರಿನ ಬೊಲೆರೊ ನೋಡಿದೆವು. ಹೊಳಪಿರಲಿಲ್ಲ, ಸೀಟು ಹರಿದಿತ್ತು. ಆದರೆ ಒಬ್ಬರೇ ಯಜಮಾನರು, ಸರ್ವೀಸಿನ ಬಿಲ್ಲುಗಳೆಲ್ಲ ಒಂದು ಚೀಲದಲ್ಲಿ ಇದ್ದವು. ಮುಂಜಾನೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಫಿಲ್ಟರಿನ ಆಚೆ ಬದಿ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯಿತು. "ಇದರ ಉಸುರು ಛಲೋ ಅದರಿ" ಎಂದು ಮೇಸ್ತ್ರಿ ತಲೆಯಾಡಿಸಿದರು. ನಮ್ಮದೇ ರಾಜ್ಯದ ಗಾಡಿಯಾದ್ದರಿಂದ ಜೀವಾವಧಿ ತೆರಿಗೆಯನ್ನು ಮತ್ತೆ ಕಟ್ಟುವ ಪ್ರಮೇಯ ಬರಲಿಲ್ಲ.

ತಂದ ಮೇಲೆ ರೇಡಿಯೇಟರ್ ಬಿಚ್ಚಿಸಿ ತೊಳೆಸಿದ್ದು, ಕೂಲೆಂಟ್, ಎಲ್ಲ ಫಿಲ್ಟರುಗಳು, ಬ್ರೇಕ್ ಲೈನಿಂಗು, ಎರಡು ಟೈರು, ಬ್ಯಾಟರಿ ಸೇರಿ 38,000 ರೂ. ಖರ್ಚಾಯಿತು. ಹಳೆಯ ಗಾಡಿ ಕೊಳ್ಳುವವರು ಇಂಥದೊಂದು ಮೊತ್ತವನ್ನು ಮೊದಲೇ ಎತ್ತಿಟ್ಟಿರಬೇಕು. ಇರುವ ಹಣವನ್ನೆಲ್ಲ ಗಾಡಿಗೇ ಕೊಟ್ಟು ಬಂದರೆ ಮೊದಲ ರಿಪೇರಿಗೇ ಅದು ಷೆಡ್ಡು ಸೇರುತ್ತದೆ.

ಈಗ ಒಂದು ವರ್ಷವಾಯಿತು. ಸದಸ್ಯರು ಪ್ರತಿ ಖರ್ಚನ್ನೂ ಕೂಲಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದಾರೆ. ಮೇಲೆ ಕೊಟ್ಟ ಅಂದಾಜಿಗೂ ಅವರ ಪುಸ್ತಕಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಜುಲೈನಲ್ಲಿ ಒಮ್ಮೆ ವೈರನ್ನು ಇಲಿ ಕಡಿದು ಗಾಡಿ ನಿಂತಿತಂತೆ. ಅಂದು ಪಕ್ಕದ ಮನೆಯವರ ಜೀಪು ಕೈಹಿಡಿಯಿತು. ಅದೊಂದನ್ನು ಬಿಟ್ಟರೆ ವರ್ಷವಿಡೀ ಡಯಾಲಿಸಿಸಿನ ಒಂದು ಸರದಿಯೂ ಗಾಡಿಯಿಂದಾಗಿ ತಡವಾಗಲಿಲ್ಲ.

ಹಳೆಯ ಡೀಸೆಲ್ ಗಾಡಿ ಸಾಕುತ್ತಿರುವ ಇತರ ಸದಸ್ಯರೂ ತಮ್ಮ ವರ್ಷದ ಖರ್ಚನ್ನು ಬಾಬ್ತುವಾರು ಬರೆದು ಸಂಘದ ಕಚೇರಿಗೆ ಕಳುಹಿಸಿಕೊಡಬೇಕಾಗಿ ಕೋರುತ್ತೇವೆ. ಹತ್ತು ಮನೆಯ ಲೆಕ್ಕ ಒಂದೆಡೆ ಸೇರಿದರೆ ಹನ್ನೊಂದನೆಯವರು ಮೋಸ ಹೋಗುವುದು ತಪ್ಪುತ್ತದೆ.